ನಾಡಿದ್ದು ಬೀಜಗಣಿತ ಪೇಪರ್. ಸ್ಟ್ಯಾಟಿಸ್ಟಿಕ್ಸ್ ಪಾಠ ಪೂರ್ತಿ ಬಾಕಿ. ಏನು ಓದಲಿ, ಏನು ಬಿಡಲಿ?

ಗಲ್ಲಾ ಹುಡುಗ, ಚೆಂಬೂರು

ಎಲ್ಲರಿಗೂ ನಮಸ್ಕಾರ. ಶಾಲೆಗೆ ಹೋಗದೆ ಖಾಸಗಿಯಾಗಿ ಬರೆಯುವವರ ಫಾರ್ಮ್ ನಂಬರ್ 17 ತುಂಬಿ ಈ ಸಲ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದೇನೆ. ಮಹಾರಾಷ್ಟ್ರ ಬೋರ್ಡು, ಇಂಗ್ಲಿಷ್ ಮೀಡಿಯಂ. ನನ್ನ ಊರು ಕುಂದಾಪುರದ ಕಡೆ. ಎಂಟನೇ ಕ್ಲಾಸ್ ಮುಗಿಸಿ ಮಾವನ ಜೊತೆ ಮುಂಬೈಗೆ ಬಂದವನು. ಮೊದಲು ಟೇಬಲ್ ಒರೆಸುವ ಕೆಲಸ, ಆಮೇಲೆ ಪಾರ್ಸೆಲ್, ಈಗ ಗಲ್ಲಾದಲ್ಲಿ ಕೂರುತ್ತೇನೆ. ಸೇಟು ಒಳ್ಳೆಯವರು, ಪರೀಕ್ಷೆಯ ದಿನಗಳಿಗೆ ರಜೆ ಕೊಟ್ಟಿದ್ದಾರೆ. ಆದರೆ ಹಿಂದಿನ ದಿನ ಸಂಜೆ ಪಾಳಿ ಮಾಡಲೇಬೇಕು. ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿ ರೂಮಿಗೆ ಬರುವಾಗ ಹನ್ನೆರಡು ಆಗುತ್ತದೆ.

ಆರು ಪಾಠಗಳಲ್ಲಿ ಮೊದಲ ನಾಲ್ಕು ಸುಮಾರಾಗಿ ಆಗಿವೆ. ಪ್ರಾಬಬಿಲಿಟಿ ಅರ್ಧ. ಕೊನೆಯದು ಸ್ಟ್ಯಾಟಿಸ್ಟಿಕ್ಸ್. ಪುಸ್ತಕ ತೆರೆದರೆ ಮೀನ್ (ಸರಾಸರಿ) ಒಂದಕ್ಕೇ ಮೂರು ವಿಧಾನ, ಆಮೇಲೆ ಮೀಡಿಯನ್ (ನಟ್ಟನಡುವಿನ ಬೆಲೆ), ಮೋಡ್ (ಹೆಚ್ಚು ಸಲ ಬರುವ ಬೆಲೆ), ಚಿತ್ರಗಳಲ್ಲಿ ಹಿಸ್ಟೋಗ್ರಾಮ್, ಪಾಲಿಗನ್, ಪೈ ಚಾರ್ಟ್. ಸೂತ್ರ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಎಲ್ ಅಂದರೆ ಯಾವುದು, ಎಫ್ ಅಂದರೆ ಯಾವುದು, ಎಲ್ಲ ಕಲಸಿಹೋಗುತ್ತದೆ.

ಇವತ್ತು ರಾತ್ರಿ ಎರಡು ಗಂಟೆ, ನಾಳೆ ಬೆಳಗ್ಗೆ ಮೂರು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಈ ಪಾಠ ಹಿಡಿಯಬಹುದಾ? ಇಲ್ಲ ಪೂರ್ತಿ ಬಿಟ್ಟು ಬಾಕಿ ಐದನ್ನೇ ತಿರುಗಿಸಲಾ? ನನಗೆ ತೊಂಬತ್ತು ಬೇಡ. ಪಾಸಾಗಬೇಕು, ಸಾಧ್ಯವಾದರೆ ಐವತ್ತು ದಾಟಬೇಕು.

ಸೆಂಟರ್ ಸಾಯನ್‌ನಲ್ಲಿ. ಆ ಕಡೆಯವರು ಇದ್ದರೆ ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತಲೂ ಹೇಳಿ.

ಠಾಣೆ ಸುಮ, ಹೋದ ವರ್ಷ ಬರೆದವಳು

ಬಿಡಬೇಡಿ ಅಣ್ಣ! ಆರರಲ್ಲಿ ಜಾಸ್ತಿ ತಲೆ ಓಡಿಸುವ ಕೆಲಸ ಇಲ್ಲದ ಪಾಠ ಅಂದರೆ ಇದೇ. ಕೂಡು, ಗುಣಿಸು, ಭಾಗಿಸು, ಅಷ್ಟೇ. ಕೋಷ್ಟಕದ ಅರ್ಧ ತುಂಬಿಕೊಟ್ಟು ಉಳಿದ ಖಾಲಿ ಚೌಕ ತುಂಬಿಸಿ ಅಂತ ಆ್ಯಕ್ಟಿವಿಟಿ ಪ್ರಶ್ನೆಯೂ ಬರುತ್ತದೆ. ಪದ್ಧತಿ ಗೊತ್ತಿದ್ದರೆ ಅದು ಪುಕ್ಕಟೆ ಮಾರ್ಕು.

ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ ಪಠ್ಯಪುಸ್ತಕ ಅಚ್ಚು ಹಾಕುವ ಬಾಲಭಾರತಿಯ ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಮೊಬೈಲಿಗೆ ಇಳಿಸಿಕೊಳ್ಳಿ.

ಸಾಯನ್ ವಿಷಯ: ಪೇಪರ್ 11ಕ್ಕೆ, ಅರ್ಧ ಗಂಟೆ ಮೊದಲೇ ಒಳಗಿರಬೇಕು. ಚೆಂಬೂರಿನಿಂದ ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ಕುರ್ಲಾದಲ್ಲಿ ಇಳಿದು ಸೆಂಟ್ರಲ್ ಲೈನಿಗೆ ಬದಲಾಯಿಸಬೇಕಲ್ಲ, ಆ ಹೊತ್ತಿಗೆ ಕುರ್ಲಾ ಸೇತುವೆ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. 9ಕ್ಕೇ ಹೊರಡಿ. ಕಂಪಾಸ್ ಬಾಕ್ಸ್ ಬ್ಯಾಗಿನ ತಳದಲ್ಲಿ ಇರಲಿ. ಕೈಯಲ್ಲಿ ಹಿಡಿದರೆ ಗುಂಪಿನಲ್ಲಿ ಹೋದ ಹಾಗೇ.

ಮುಲುಂಡ್ ಟೀಚರ್

ತಮ್ಮಾ, ಮೊದಲು ಯೂಟ್ಯೂಬ್ ಮುಚ್ಚು. "ಒಂದೇ ರಾತ್ರಿಯಲ್ಲಿ ಪೂರ್ತಿ ಸ್ಟ್ಯಾಟಿಸ್ಟಿಕ್ಸ್" ಅನ್ನುವ ವಿಡಿಯೋ ನೋಡುತ್ತಾ ಕೂತರೆ ರಾತ್ರಿ ಮುಗಿಯುತ್ತದೆ, ಪಾಠ ಮುಗಿಯುವುದಿಲ್ಲ. ಶಾಲೆಯಿಂದ ನಿವೃತ್ತಿಯಾದ ಮೇಲೂ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಹತ್ತನೆಯವರಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ಮಾರ್ಚ್‌ನಲ್ಲೂ ನಿನ್ನ ಥರದವರು ಒಬ್ಬಿಬ್ಬರು ಬಾಗಿಲು ತಟ್ಟುತ್ತಾರೆ. ಅವರೆಲ್ಲ ಮೂರು ಸೂತ್ರ ಬಾಯಿಪಾಠ ಮಾಡಲು ಹೊರಡುತ್ತಾರೆ, ನಾನು ಬೇಡ ಅನ್ನುತ್ತೇನೆ. ಒಂದು ಕೋಷ್ಟಕ ಬರೆಯಲು ಕಲಿ. ಮೂರೂ ಉತ್ತರ ಅದರೊಳಗಿಂದಲೇ ಬರುತ್ತವೆ.

ನೀನು ಗಲ್ಲಾದಲ್ಲಿ ಕೂರುವವನು, ಹಾಗಾಗಿ ಲೆಕ್ಕವನ್ನೂ ಅಲ್ಲಿಂದಲೇ ತೆಗೆದುಕೊಳ್ಳೋಣ. ಒಂದು ಬೆಳಗ್ಗೆ 100 ಬಿಲ್ ಆದವು ಅಂದುಕೋ. ಬಿಲ್ಲಿನ ಮೊತ್ತ ಹೀಗಿದೆ:

0–50 ರೂಪಾಯಿ: 12 ಬಿಲ್
50–100: 20
100–150: 30
150–200: 24
200–250: 14

ಈಗ ಉದ್ದ ಗೆರೆ ಎಳೆದು ಐದು ಕಾಲಂ ಮಾಡು. ಮೊದಲನೆಯದು ಕ್ಲಾಸ್, ಅಂದರೆ 0–50, 50–100 ಅನ್ನುವ ಗುಂಪು. ಎರಡನೆಯದು ಮಧ್ಯಬಿಂದು: 25, 75, 125, 175, 225. ಮೂರನೆಯದು ಎಫ್, ಅಂದರೆ ಬಿಲ್ಲುಗಳ ಸಂಖ್ಯೆ. ನಾಲ್ಕನೆಯದು ಯು. ಐದನೆಯದು ಎಫ್ ಗುಣಿಸು ಯು.

ಯು ಅಂದರೆ ಹೆದರಬೇಡ. ನಡುವಿನ 125ರ ಎದುರಿಗೆ ಸೊನ್ನೆ ಬರೆ. ಅದರ ಮೇಲೆ −1, −2. ಕೆಳಗೆ 1, 2. ಮುಗಿಯಿತು. ಐದನೇ ಕಾಲಂ −24, −20, 0, 24, 28. ಕೂಡಿದರೆ 8. ಅದನ್ನು 100ರಿಂದ ಭಾಗಿಸಿದರೆ 0.08. ಕ್ಲಾಸಿನ ಅಗಲ 50ರಿಂದ ಗುಣಿಸಿದರೆ 4. ಅದನ್ನು 125ಕ್ಕೆ ಸೇರಿಸು. ಮೀನ್ 129 ರೂಪಾಯಿ.

ಇದೇ ಸ್ಟೆಪ್ ಡೀವಿಯೇಷನ್. ಡೈರೆಕ್ಟ್ ವಿಧಾನದಲ್ಲಿ ಮಾಡಿದ್ದರೆ 12ನ್ನು 25ರಿಂದ, 20ನ್ನು 75ರಿಂದ ಹೀಗೆ ಐದೂ ಗುಣಿಸಿ, 12,900 ಬಂದು, 100ರಿಂದ ಭಾಗಿಸಿ ಅದೇ 129ಕ್ಕೆ ಬಂದು ನಿಲ್ಲುತ್ತಿದ್ದೆ. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಪೇಪರಿಗೆ ಇರುವುದೇ ಎರಡು ಗಂಟೆ. ಹಾಗಾಗಿ ಪ್ರಶ್ನೆಯಲ್ಲಿ ವಿಧಾನದ ಹೆಸರು ಹೇಳಿರದಿದ್ದರೆ ಇದರಲ್ಲೇ ಮಾಡು. ಹೇಳಿದ್ದರೆ ಮಾತ್ರ ಹೇಳಿದ್ದನ್ನೇ ಮಾಡಬೇಕು, ಇಲ್ಲದಿದ್ದರೆ ಉತ್ತರ ಸರಿಯಿದ್ದರೂ ಮಾರ್ಕು ಹೋಗುತ್ತದೆ. ಅಸ್ಯೂಮ್ಡ್ ಮೀನ್ ಬೇರೆ ಕಲಿಯಬೇಕಾಗಿಲ್ಲ. ಇದರಲ್ಲೇ 50ರಿಂದ ಭಾಗಿಸದೆ −100, −50, 0, 50, 100 ಅಂತ ಬರೆದರೆ ಅದು ಅಸ್ಯೂಮ್ಡ್ ಮೀನ್. ಕೊನೆಗೆ 50ರ ಗುಣಾಕಾರ ಬೇಡ, ಅಷ್ಟೇ ವ್ಯತ್ಯಾಸ.

ಮೀಡಿಯನ್‌ಗೆ ಅದೇ ಕೋಷ್ಟಕದ ಪಕ್ಕ ಇನ್ನೊಂದು ಕಾಲಂ ಎಳೆ. ಮೇಲಿನಿಂದ ಕೂಡುತ್ತಾ ಬಾ: 12, 32, 62, 86, 100. ಕೊನೆಯದು ಒಟ್ಟು ಸಂಖ್ಯೆಗೆ ಸಮ ಬರಲೇಬೇಕು, ಬರದಿದ್ದರೆ ಮುಂದೆ ಹೋಗಬೇಡ, ಅಲ್ಲೇ ನಿಂತು ಹುಡುಕು. ಈಗ 100ರ ಅರ್ಧ 50. ಕೂಡುತ್ತಾ ಬಂದ ಕಾಲಂನಲ್ಲಿ 50ನ್ನು ಮೊದಲು ದಾಟುವುದು ಎಲ್ಲಿ? 62ರಲ್ಲಿ. ಅದರ ಕ್ಲಾಸ್ 100–150. ಪೆನ್ಸಿಲಿನಲ್ಲಿ ಆ ಇಡೀ ಸಾಲಿಗೆ ಸುತ್ತ ಗೆರೆ ಹಾಕು. ಈ ಗೆರೆ ಹಾಕುವುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಿನ್ನ ಎಲ್, ಎಫ್ ಗೊಂದಲ ಅಲ್ಲೇ ಮುಗಿಯುತ್ತದೆ. ಗೆರೆಯೊಳಗಿನ ಕ್ಲಾಸಿನ ಕೆಳಗಿನ ತುದಿ ಎಲ್, ಅಂದರೆ 100. ಗೆರೆಯೊಳಗಿನ ಬಿಲ್ಲಿನ ಸಂಖ್ಯೆ ಎಫ್, 30. ಗೆರೆಯ ಹೊರಗಿಂದ ಬರುವುದು ಒಂದೇ ಒಂದು: ಮೇಲಿನ ಸಾಲಿನ ಕೂಡಿದ ಸಂಖ್ಯೆ, 32. ಐವತ್ತರಲ್ಲಿ 32 ಕಳೆ, 18. ಅದನ್ನು 30ರಿಂದ ಭಾಗಿಸಿ 50ರಿಂದ ಗುಣಿಸು, 30. ನೂರಕ್ಕೆ 30 ಸೇರಿಸು. ಮೀಡಿಯನ್ 130.

ಅರ್ಥ ಏನು ಗೊತ್ತಾ? ಆವತ್ತಿನ ಬಿಲ್ಲುಗಳಲ್ಲಿ ಹೆಚ್ಚುಕಡಿಮೆ ಅರ್ಧ 130 ರೂಪಾಯಿಯ ಒಳಗೆ, ಇನ್ನರ್ಧ ಅದರ ಮೇಲೆ. ಮೀಡಿಯನ್ ಬೇಕಾಗುವುದು ಇಲ್ಲೇ. ಯಾರೋ ಒಬ್ಬ ಆಫೀಸಿನ ಪಾರ್ಟಿಗೆ 5,000 ರೂಪಾಯಿಯ ಪಾರ್ಸೆಲ್ ಕಟ್ಟಿಸಿಕೊಂಡು ಹೋದರೆ ಮೀನ್ ಜಿಗಿಯುತ್ತದೆ, ಮೀಡಿಯನ್ ಇದ್ದಲ್ಲಿಂದ ಅಷ್ಟಾಗಿ ಕದಲುವುದಿಲ್ಲ.

ಮೋಡ್‌ಗೆ ಹೊಸ ಕಾಲಂ ಬೇಡ. ಜಾಸ್ತಿ ಬಿಲ್ ಇರುವ ಸಾಲು ಯಾವುದು? 30 ಇರುವುದು. ಅದರ ಮೇಲಿನದು 20, ಕೆಳಗಿನದು 24. ಮೇಲಿನದಕ್ಕಿಂತ ಎಷ್ಟು ಜಾಸ್ತಿ? 10. ಕೆಳಗಿನದಕ್ಕಿಂತ? 6. ಎರಡೂ ಕೂಡಿದರೆ 16. ಹತ್ತನ್ನು 16ರಿಂದ ಭಾಗಿಸಿ 50ರಿಂದ ಗುಣಿಸು, 31.25. ನೂರಕ್ಕೆ ಸೇರಿಸು. ಮೋಡ್ 131.25. ಪುಸ್ತಕದ ಸೂತ್ರದಲ್ಲಿ ಕೆಳಗಡೆ "ಎರಡು ಎಫ್ ಒಂದು ಮೈನಸ್ ಎಫ್ ಸೊನ್ನೆ ಮೈನಸ್ ಎಫ್ ಎರಡು" ಅಂತ ಇರುತ್ತದೆ ನೋಡು, ಅದೂ ಇದೇ 16. ಉತ್ತರ ಪತ್ರಿಕೆಯಲ್ಲಿ ಸೂತ್ರವನ್ನು ಪುಸ್ತಕದ ಹಾಗೇ ಬರೆ. ತಲೆಯೊಳಗೆ ನನ್ನ ಹಾಗೆ ಮಾಡಿ ಸರಿಯಿದೆಯಾ ನೋಡಿಕೋ.

ಇನ್ನೊಂದು. ಮೀಡಿಯನ್ ಆಗಲಿ ಮೋಡ್ ಆಗಲಿ, ಉತ್ತರ ನೀನು ಆರಿಸಿದ ಕ್ಲಾಸಿನ ಒಳಗೇ ಬೀಳಬೇಕು. 100–150 ಆರಿಸಿ 162 ಬಂತು ಅಂದರೆ ಎಲ್ಲೋ ಎಡವಿದ್ದೀಯ. ಮೀನ್‌ಗೆ ಈ ಪರೀಕ್ಷೆ ಇಲ್ಲ, ಆದರೆ ಅದು ಮೊದಲ ಮಧ್ಯಬಿಂದುವಿಗೂ ಕೊನೆಯ ಮಧ್ಯಬಿಂದುವಿಗೂ ನಡುವೆ ಇರಬೇಕು.

ಚಿತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಿಸ್ಟೋಗ್ರಾಮಿನಲ್ಲಿ ಕಂಬಗಳ ನಡುವೆ ಸಂದು ಬಿಡಬಾರದು. ಮೂಲೆಯಲ್ಲಿ ಸ್ಕೇಲ್ ಬರೆ, ಎರಡು ಅಕ್ಷಕ್ಕೂ ಹೆಸರು ಕೊಡು. ಮೊದಲ ಕ್ಲಾಸ್ ಸೊನ್ನೆಯಿಂದ ಶುರುವಾಗದಿದ್ದರೆ ಅಡ್ಡ ಅಕ್ಷದ ಮೇಲೆ ಸೊನ್ನೆಯ ಪಕ್ಕ ಅಂಕುಡೊಂಕು ಗುರುತು ಹಾಕು. ಪಾಲಿಗನ್‌ಗೆ ಮಧ್ಯಬಿಂದುಗಳನ್ನು ಸ್ಕೇಲಿನಿಂದ ಸೇರಿಸು, ಆಮೇಲೆ ಎರಡೂ ತುದಿಗೆ ಒಂದೊಂದು ಖಾಲಿ ಕ್ಲಾಸ್ ಇದೆ ಅಂದುಕೊಂಡು ಅದರ ನಡುವಿಗೆ ಗೆರೆ ಇಳಿಸಿ ಅಕ್ಷಕ್ಕೆ ಮುಟ್ಟಿಸು. ಇದನ್ನು ಬಿಡುವವರೇ ಜಾಸ್ತಿ. ಪೈಗೆ ಒಂದೇ ಮಾತು: ಪಾಲು ಭಾಗಿಸು ಒಟ್ಟು, ಗುಣಿಸು 360. ಎಲ್ಲ ಕೋನ ಕೂಡಿದರೆ 360 ಬರಬೇಕು. ಉಲ್ಟಾ ಕೇಳಿದರೆ ಉಲ್ಟಾ ಮಾಡು. 108 ಡಿಗ್ರಿ, ಒಟ್ಟು 100 ಬಿಲ್ ಅಂದರೆ 30.

ಇವತ್ತು ರಾತ್ರಿ ಮೇಲಿನ ಲೆಕ್ಕವನ್ನೇ ನನ್ನದು ನೋಡದೆ ಬಿಳಿ ಹಾಳೆಯಲ್ಲಿ ಮಾಡು. ಆಮೇಲೆ ಪುಸ್ತಕದಿಂದ ಮೀನ್ ಎರಡು, ಮೀಡಿಯನ್ ಎರಡು, ಮೋಡ್ ಒಂದು. ಅದಕ್ಕಿಂತ ಜಾಸ್ತಿ ಬೇಡ, ಮಲಗು. ನಾಳೆ ಬೆಳಗ್ಗೆ ಚಿತ್ರಗಳು, ಉಳಿದ ಹೊತ್ತು ಪ್ರಾಬಬಿಲಿಟಿ. ನಾಳೆ ರಾತ್ರಿ ಹನ್ನೆರಡಕ್ಕೆ ಬಂದವನು ಪುಸ್ತಕ ತೆರೆಯಬೇಡ.

ಫೋರ್ಟಿನ ಹಳೇ ರಾತ್ರಿ ಶಾಲೆಯವ

ಟೀಚರ್ ಹೇಳಿದ ಕೋಷ್ಟಕದ ಮಾತಿಗೆ ಎದುರು ಇಲ್ಲ. ಆದರೆ ಒಂದು ವಿಷಯದಲ್ಲಿ ನನ್ನ ತಕರಾರು ಇದೆ. ನಾನೂ ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಓದಿದವನು, ಆಮೇಲೆ ಬ್ಯಾಂಕ್ ಸೇರಿದೆ. ಸಮಯ ಇಲ್ಲದವನು ಗೊತ್ತಿಲ್ಲದ್ದನ್ನು ಹಿಡಿಯುವ ಮೊದಲು ಗೊತ್ತಿರುವುದನ್ನು ಗಟ್ಟಿ ಮಾಡಬೇಕು ಮಾರಾಯ. ಪಾಸಿನ ಲೆಕ್ಕ ಹೀಗೆ: ಬೀಜಗಣಿತ 40, ರೇಖಾಗಣಿತ 40, ಇಂಟರ್ನಲ್ 20. ಎಲ್ಲ ಸೇರಿ ನೂರಕ್ಕೆ 35. ಹಾಗಾಗಿ ಒಂದು ಪಾಠ ಕೈಕೊಟ್ಟರೂ ಆಕಾಶ ಬೀಳುವುದಿಲ್ಲ.

ನಿನಗೆ ಫೈನಾನ್ಷಿಯಲ್ ಪ್ಲಾನಿಂಗ್ ಪಾಠ ಅನ್ನ ತಿಂದಷ್ಟು ಸುಲಭ ಆಗಬೇಕು. ದಿನಾ ನೀನು ಹರಿದುಕೊಡುವ ಬಿಲ್ಲಿನಲ್ಲೇ ಇದೆ. ತಿಂಡಿ 840 ರೂಪಾಯಿ ಆದರೆ ಕೆಳಗೆ ಏನು ಪ್ರಿಂಟ್ ಆಗುತ್ತದೆ? ಸಿಜಿಎಸ್‌ಟಿ ಎರಡೂವರೆ ಪರ್ಸೆಂಟ್ 21, ಎಸ್‌ಜಿಎಸ್‌ಟಿ ಎರಡೂವರೆ ಪರ್ಸೆಂಟ್ 21, ಒಟ್ಟು 882. ಪುಸ್ತಕದಲ್ಲಿ ಕೇಳುವುದೂ ಇದನ್ನೇ, ದರ ಮಾತ್ರ ಬೇರೆ ಇರುತ್ತದೆ. ಷೇರಿನಲ್ಲಿ ಒಂದೇ ಕಡೆ ಎಚ್ಚರ ಬೇಕು: ಡಿವಿಡೆಂಡ್ ಲೆಕ್ಕ ಮುಖಬೆಲೆಯ ಮೇಲೆ, ನೀನು ಕೊಟ್ಟ ದುಡ್ಡಿನ ಮೇಲೆ ಅಲ್ಲ. ಮುಖಬೆಲೆ 100ರ ಷೇರನ್ನು 120 ಕೊಟ್ಟು ತೆಗೆದುಕೊಂಡೆ, ಡಿವಿಡೆಂಡ್ 10 ಪರ್ಸೆಂಟ್. ಕೈಗೆ ಬರುವುದು 10 ರೂಪಾಯಿ, 12 ಅಲ್ಲ.

ನನ್ನ ಸಲಹೆ: ಮೋಡ್, ಪಾಲಿಗನ್ ಬಿಡು. ಮೀನ್, ಮೀಡಿಯನ್, ಪೈ ಸಾಕು. ಉಳಿದ ಹೊತ್ತು ಜಿಎಸ್‌ಟಿಗೆ ಕೊಡು.

ಮುಲುಂಡ್ ಟೀಚರ್

ಅಣ್ಣಾವ್ರೇ, ಜಿಎಸ್‌ಟಿಗೆ ಒಪ್ಪಿದೆ. ಮೋಡ್ ಬಿಡು ಅನ್ನುವುದಕ್ಕೆ ಮಾತ್ರ ಒಪ್ಪುವುದಿಲ್ಲ. ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕ ಲೆಕ್ಕ ಅದು. ಕಾಲಂ ಇಲ್ಲ, ಕೂಡುವುದಿಲ್ಲ, ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಬಿಡಲೇಬೇಕು ಅಂದರೆ ಪಾಲಿಗನ್ ಬಿಡಲಿ, ಗ್ರಾಫ್ ಪೇಪರಿನ ಮುಂದೆ ಕೂತರೆ ಗಂಟೆ ತಿನ್ನುತ್ತದೆ.

ಗಲ್ಲಾ ಹುಡುಗ, ಚೆಂಬೂರು

ಟೀಚರ್, ಅಣ್ಣ, ಸುಮಕ್ಕ, ಎಲ್ಲರಿಗೂ ದೊಡ್ಡ ನಮಸ್ಕಾರ. ಬಿಲ್ಲಿನ ಲೆಕ್ಕ ಎರಡು ಸಲ ನೋಡದೆ ಮಾಡಿದೆ. 129, 130, 131.25 ಸರಿಯಾಗಿ ಬಂತು. ಪೆನ್ಸಿಲಿನ ಗೆರೆ ನಿಜಕ್ಕೂ ಕೆಲಸ ಮಾಡುತ್ತದೆ. ರೂಮಿನಲ್ಲಿ ಪಕ್ಕದ ಹಾಸಿಗೆಯವನು ಅಡುಗೆ ಮನೆಯಲ್ಲಿ ದೋಸೆ ಹಾಕುವವನು, ಅವನೂ ಎದ್ದು ಕೂತು ನೋಡಿದ. "ಆಫೀಸ್ ಏರಿಯಾದ ಹೋಟೆಲಿನಲ್ಲಿ 0–50ರ ಬಿಲ್ 12 ಅಲ್ಲ, ಅರ್ಧಕ್ಕರ್ಧ ಇರುತ್ತದೆ, ಚಾ ಕುಡಿಯುವವರೇ ಜಾಸ್ತಿ" ಅಂತ ತಿದ್ದಿದ.

ಈಗ ಒಂದು ಡೌಟು. ಗೆಳೆಯನ ನೋಟ್ಸ್‌ನಲ್ಲಿ ಒಂದು ಲೆಕ್ಕ ಇದೆ. ವಯಸ್ಸು 20–24: 6 ಜನ, 25–29: 10, 30–34: 16, 35–39: 8. ಮೀಡಿಯನ್ ಕೇಳಿದ್ದಾರೆ. ಒಟ್ಟು 40, ಅರ್ಧ 20. ಕೂಡಿದರೆ 6, 16, 32, 40. ಹಾಗಾಗಿ 30–34ಕ್ಕೆ ಗೆರೆ ಹಾಕಿದೆ. ಎಲ್ 30, ಅಗಲ 4 ಅಂತ ಹಾಕಿದರೆ 31 ಬರುತ್ತದೆ. ಅವನ ಉತ್ತರ 30.75. ಯಾವುದು ಸರಿ?

ಮುಲುಂಡ್ ಟೀಚರ್

ಅವನದು ಸರಿ. ಕೇಳಿದ್ದು ಒಳ್ಳೆಯದಾಯಿತು, ಇದನ್ನು ನಾನೇ ಹೇಳಬೇಕಿತ್ತು ಅಂತ ಕೂತಿದ್ದೆ.

24 ಮುಗಿದು 25 ಶುರು, ನಡುವೆ ಸಂದು ಇದೆ ಅಲ್ವಾ? ಆ ಸಂದನ್ನು ಅರ್ಧ ಅರ್ಧ ಹಂಚಬೇಕು. ಕೆಳಗಿನ ತುದಿಯಿಂದ 0.5 ಕಳೆ, ಮೇಲಿನ ತುದಿಗೆ 0.5 ಸೇರಿಸು. 19.5–24.5, 24.5–29.5, 29.5–34.5, 34.5–39.5. ಈಗ ಅಗಲ ಎಷ್ಟು? 5, ನಾಲ್ಕಲ್ಲ. ಎಲ್ 29.5. ಇಪ್ಪತ್ತರಲ್ಲಿ 16 ಕಳೆದರೆ 4, ಅದನ್ನು 16ರಿಂದ ಭಾಗಿಸಿ 5ರಿಂದ ಗುಣಿಸಿದರೆ 1.25. ಒಟ್ಟು 30.75.

ಮೀಡಿಯನ್, ಮೋಡ್, ಹಿಸ್ಟೋಗ್ರಾಮ್ ಮೂರಕ್ಕೂ ಹೀಗೆ ಸರಿಮಾಡಿಕೊಂಡೇ ಶುರು ಮಾಡಬೇಕು. ಮೀನ್‌ಗೆ ಬೇಕಾಗಿಲ್ಲ. 20–24ರ ನಡು 22, 19.5–24.5ರ ನಡುವೂ 22. ಪರೀಕ್ಷೆಯಲ್ಲಿ ಮೀನ್ ಲೆಕ್ಕಕ್ಕೂ ಇದನ್ನೆಲ್ಲ ತಿದ್ದುತ್ತಾ ಕೂತು ಹೊತ್ತು ಕಳೆಯಬೇಡ.

"10ಕ್ಕಿಂತ ಕಡಿಮೆ 5 ಜನ, 20ಕ್ಕಿಂತ ಕಡಿಮೆ 13 ಜನ" ಅಂತ ಕೊಟ್ಟರೆ ಅದು ಮೊದಲೇ ಕೂಡಿಟ್ಟ ಕಾಲಂ. ಎಫ್ ಬೇಕಾದರೆ ಕಳೆಯುತ್ತಾ ಹೋಗು. ಮೊದಲ ಸಾಲು 5, ಎರಡನೆಯದು 8.

ದೋಸೆಯವನಿಗೆ ಹೇಳು, ಅವನ ಪ್ರಕಾರ 0–50ಕ್ಕೆ 50 ಬಿಲ್ ಹಾಕಿದರೆ ಮೋಡ್ ಕ್ಲಾಸ್ ಮೊದಲ ಸಾಲಿಗೇ ಹೋಗುತ್ತದೆ. ಅದರ ಮೇಲೆ ಸಾಲೇ ಇಲ್ಲ, ಆಗ ಮೇಲಿನದನ್ನು ಸೊನ್ನೆ ಅಂತ ತೆಗೆದುಕೊಳ್ಳಬೇಕು. ಒಳ್ಳೆ ಪ್ರಶ್ನೆ ಅವನದು. ಬೇಕಾದರೆ ಮುಂದಿನ ವರ್ಷ ಅವನೂ ಫಾರ್ಮ್ 17 ತುಂಬಲಿ.

ಗಲ್ಲಾ ಹುಡುಗ, ಚೆಂಬೂರು

ಹೇಳಿದೆ. ಬೀಜಗಣಿತ ಬೇಡ, ಬಿಲ್ ನೋಡಿಕೊಂಡರೆ ಸಾಕು ಅಂತಾನೆ. ನಾನು ಮಲಗುತ್ತೇನೆ ಟೀಚರ್, ಬೆಳಗ್ಗೆ ಪೈ.

ವಾಶಿ ಕಾಮರ್ಸ್

ಟೀಚರ್, ನಾನು ಹನ್ನೆರಡನೇ ಕಾಮರ್ಸ್. ಇಂಡೆಕ್ಸ್ ನಂಬರ್‌ನಲ್ಲಿ (ಬೆಲೆಯ ಏರಿಳಿತ ಅಳೆಯುವ ಸೂಚ್ಯಂಕ) ಲಾಸ್ಪೇರ್, ಪಾಶೆ ಅನ್ನುವ ಎರಡು ಸೂತ್ರ ಅದಲುಬದಲಾಗುತ್ತವೆ. ಇಲ್ಲೇ ಕೇಳಬಹುದಾ?

ಮುಲುಂಡ್ ಟೀಚರ್

ಲಾಸ್ಪೇರ್‌ಗೆ ಹಳೇ ವರ್ಷದ ಪ್ರಮಾಣ, ಪಾಶೆಗೆ ಈಗಿನ ವರ್ಷದ್ದು. ಉಳಿದದ್ದಕ್ಕೆ ಬೇರೆ ಪ್ರಶ್ನೆ ಹಾಕು ಮರಿ, ಇದು ಹತ್ತನೆಯವರ ಜಾಗ.